ಪಟ್ಟಿಗೆ ಮಡಿ ಇಲ್ಲ

ಅನ್ನದ ಬಗ್ಗೆ ನಮಗೆ ಬುದ್ಧಿ ಹೇಳಲು ಬರುವವರಿಗೆ ಎಂದೂ ಬರಗಾಲ ಬಂದಿಲ್ಲ. ಇಂಥದ್ದು ತಾಮಸ, ಇಂಥದ್ದು ಸಾತ್ವಿಕ ಅಂತ ಮೊದಲು ಮಠದ ಜಗಲಿಯಿಂದ ಹೇಳುತ್ತಿದ್ದರು. ಈಗ ಅದೇ ಮಾತು ಕೊಲೆಸ್ಟರಾಲು, ಕ್ಯಾಲೊರಿ ಎಂಬ ಅಂಗಿ ತೊಟ್ಟು ಬರುತ್ತಿದೆ. ಜಗಲಿಯ ಮಾತನ್ನು ಎದುರಿಸುವುದು ನಮಗೆ ಗೊತ್ತು. ಈ ಅಂಗಿಯ ಮಾತನ್ನು ಹೇಗೆ ಒರೆಗೆ ಹಚ್ಚುವುದು? ನಮ್ಮ ತಟ್ಟೆಯಲ್ಲಿ ಏನಿದೆ ಅಂತ ತಿಳಿಯಲು ಯಾರನ್ನು ನಂಬುವುದು?

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಅವರ ಮಾತಿಗೆ ಧರ್ಮದ ಮೊಹರು ಇತ್ತು, ಎಲ್ಲರಿಗೂ ಕಾಣುತ್ತಿತ್ತು. ಮುಂದಿನ ವರ್ಷ, ಹೊಸ ಶಿಕ್ಷಣ ನೀತಿಗಾಗಿ ಕರ್ನಾಟಕದ ಸಮಿತಿಯೊಂದು ಬರೆದ ಪೊಸಿಷನ್ ಪೇಪರಿನಲ್ಲಿ ಆ ವಿರೋಧವೇ ವಿಜ್ಞಾನದ ಭಾಷೆಯಲ್ಲಿ ಬಂತು. ಭಾರತೀಯರ ಮೈಕಟ್ಟು ಸಣ್ಣದು, ಮೊಟ್ಟೆ ಮಾಂಸ ಸದಾ ತಿಂದರೆ ಕೊಲೆಸ್ಟರಾಲಿನಿಂದ ಬರುವ ಹೆಚ್ಚಿನ ಶಕ್ತಿ ರೋಗ ತರುತ್ತದೆ ಎಂಬರ್ಥದ ಮಾತು ಅದರಲ್ಲಿತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಇದನ್ನು ಓದಿ ನಗಬೇಕು. ಕೊಲೆಸ್ಟರಾಲನ್ನು ನಮ್ಮ ಮೈ ಸೌದೆಯ ಹಾಗೆ ಸುಟ್ಟು ಶಕ್ತಿ ಮಾಡಿಕೊಳ್ಳುವುದೇ ಇಲ್ಲ. ಶಕ್ತಿ ಬರುವುದು ಪಿಷ್ಟ, ಕೊಬ್ಬು, ಪ್ರೋಟೀನುಗಳಿಂದ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 70-80 ಕ್ಯಾಲೊರಿ. ಪಕ್ಕೆಲುಬು ಎಣಿಸಬಹುದಾದ ಮಗು ಇಷ್ಟಕ್ಕೇ ಬೊಜ್ಜು ಬಂದು ಕೆಡುತ್ತದೆಯೆ?

ಹಾಗಾದರೆ ನಂಬಬಹುದಾದ ಲೆಕ್ಕ ಎಲ್ಲಿದೆ? ಇದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ತನಿಖೆಗೆಂದು ಹುಟ್ಟಿದ ಪುಟ್ಟ ಘಟಕ 1958ರಲ್ಲಿ ಹೈದರಾಬಾದಿಗೆ ಬಂತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಬೆರಿಬೆರಿ ಹಿಡಿಯುತ್ತಿದ್ದುದು ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯೊಂದನ್ನೇ ನಂಬಿದವರನ್ನು. ರೋಗ ತಡೆಯುವ ಥಯಾಮಿನ್ ತೌಡಿನ ಜೊತೆ ಹೊರಗೆ ಹೋಗಿಬಿಡುತ್ತಿತ್ತು. (ಬೂಸಾ ಅಂದದ್ದಕ್ಕೆ 1973ರಲ್ಲಿ ಬಸವಲಿಂಗಪ್ಪನವರ ಮೇಲೆ ಮುಗಿಬಿದ್ದವರಿಗೆ, ಬೂಸಾದಲ್ಲೇ ಸತ್ವ ಇರುವುದು ಕಣ್ರಪ್ಪ ಅಂತ ಯಾರಾದರೂ ಹೇಳಬೇಕಿತ್ತು.) ಈ ಸಂಸ್ಥೆ ನಮ್ಮ ಆಹಾರಗಳನ್ನು ಪ್ರಯೋಗಶಾಲೆಯಲ್ಲಿ ಅಳೆದು ಪಟ್ಟಿ ಮಾಡಿದೆ. 2017ರ ಪಟ್ಟಿಯಲ್ಲಿ 528 ಆಹಾರಗಳಿವೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ 10 ಕೂಡ ಇಲ್ಲ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ರಾಗಿಯನ್ನು ಹಂಗಿಸುವ ಅಕ್ಕಿ ಸೋಲುವುದೂ ಪರೀಕ್ಷೆಯಲ್ಲೇ.

ಇದೇ ಪಟ್ಟಿಯಲ್ಲಿ ದನದ ಮಾಂಸ ಇದೆ, ಹಂದಿ ಇದೆ, ಮೊಲ ಇದೆ. ಸಂಸ್ಥೆಯ ಹಳೆಯ ಪಟ್ಟಿ, 1971ರದು, ದನದ ಮಾಂಸಕ್ಕೆ 100 ಗ್ರಾಮಿಗೆ 22.6 ಗ್ರಾಂ ಪ್ರೋಟೀನು ಬರೆದಿದೆ, ಕುರಿಮಾಂಸಕ್ಕೆ 18.5. ಇದನ್ನು ಬರೆಯುವಾಗ ಅಳೆದವರ ಕೈ ನಡುಗಿಲ್ಲ. ಪಟ್ಟಿಗೆ ಮಡಿ ಇಲ್ಲ. ಮಡಿ ಅಂಟಿಕೊಳ್ಳುವುದು ಪಟ್ಟಿಯಿಂದ ಶಾಲೆಯ ಗೋಡೆಗೆ ಬರುವ ದಾರಿಯಲ್ಲಿ. ಗೋಡೆಯ ಮೇಲೆ ಹಾಲು, ಸೇಬು, ಮೊಳಕೆಕಾಳು ಇರುತ್ತವೆ. ಬಾಡಿನ ಚಿತ್ರ ಬರೆಸಿದ ಶಾಲೆಯನ್ನು ನಾನಂತೂ ಕಂಡಿಲ್ಲ. ಮನೆಯಲ್ಲಿ ಉಂಡದ್ದು ಗೋಡೆಯ ಮೇಲೆ ಇಲ್ಲದಿದ್ದರೆ ಹುಡುಗ ಏನು ಕಲಿಯುತ್ತಾನೆ? ಪೋಷಕಾಂಶದ ಪಾಠ ಕಲಿಯುವುದಿಲ್ಲ, ನಾಚಿಕೆ ಕಲಿಯುತ್ತಾನೆ.

ಹಾಗಂತ ಪಟ್ಟಿಯನ್ನು ಇನ್ನೊಂದು ವೇದ ಮಾಡಿಕೊಳ್ಳುವುದು ಬೇಡ. ಅಲ್ಲಿ ಇರುವುದು ಹಸಿ ರಾಗಿಯ ಲೆಕ್ಕ. ಮುದ್ದೆಯಲ್ಲಿ ಅರ್ಧಕ್ಕೂ ಹೆಚ್ಚು ನೀರು. ರಾಗಿಯ ಕ್ಯಾಲ್ಸಿಯಂ ಪೂರಾ ಮೈಗೆ ಹತ್ತುವುದಿಲ್ಲ, ಅದರಲ್ಲೇ ಇರುವ ಫೈಟೇಟ್ ಅಡ್ಡ ಬರುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿ ಹುಳಿ ಬಂದರೆ ಆ ಅಡ್ಡಿ ಕಮ್ಮಿಯಾಗುತ್ತದೆ. ಇದನ್ನು ಅವ್ವಂದಿರು ಅಂಕಿ ಇಲ್ಲದೆ ಮಾಡುತ್ತ ಬಂದರು.

ಇನ್ನೂ ದೊಡ್ಡ ಮಾತೊಂದಿದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ತಮ್ಮ ಜನಕ್ಕೆ ಹೇಳಿದರು. ಆ ಮಾಂಸದಲ್ಲೂ ಪ್ರೋಟೀನು ಇತ್ತು. ಅದು ಯಾವ ಷರತ್ತಿನ ಮೇಲೆ ಕೇರಿಗೆ ಬರುತ್ತಿತ್ತು ಎನ್ನುವುದನ್ನು ಯಾವ ಪ್ರಯೋಗಶಾಲೆಯೂ ಅಳೆಯಲಾರದು. ಮಠಾಧೀಶರೂ ತಿನ್ನಬೇಡಿ ಅನ್ನುತ್ತಾರೆ, ಅಂಬೇಡ್ಕರರೂ ತಿನ್ನಬೇಡಿ ಅಂದರು, ಎರಡೂ ಒಂದೇ ಅಲ್ಲವೆ ಎಂದು ಕೇಳುವ ಜಾಣರಿದ್ದಾರೆ. ಒಬ್ಬರು ತಮ್ಮ ಜನ ಬಿಟ್ಟಿಚಾಕರಿಯಿಂದ ಎದ್ದು ನಿಲ್ಲಲಿ ಎಂದು ತಮ್ಮವರಿಗೇ ಹೇಳಿದರು. ಇನ್ನೊಬ್ಬರು ತಮ್ಮ ಹೊಟ್ಟೆ ತುಂಬಿಸಿಕೊಂಡು ಬೇರೆಯವರ ಮಗುವಿನ ತಟ್ಟೆಗೆ ಕೈ ಹಾಕುತ್ತಾರೆ.

ಮಠವನ್ನು ಬಯ್ದರೆ ಮುಗಿಯಲಿಲ್ಲ. ಅಂಗಡಿ ಇದೆ. ಹಟ್ಟಿಯ ತಾಯಿ ರಾಗಿ ಬಿಟ್ಟು, ಹಾಲಿಗೆ ಹಾಕುವ ಪುಡಿಯ ಸಣ್ಣ ಪೊಟ್ಟಣ ಕೊಳ್ಳುತ್ತಾಳೆ, ಮಗ ಉದ್ದ ಬೆಳೆಯಲಿ ಅಂತ. 'ಆರೋಗ್ಯ ಪೇಯ' ಎಂಬ ವರ್ಗ 2006ರ ಆಹಾರ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಕೇಂದ್ರದ ವಾಣಿಜ್ಯ ಸಚಿವಾಲಯ 2024ರ ಏಪ್ರಿಲಿನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆ ಹೆಸರು ತೆಗೆಯಿರಿ ಎಂದು ಹೇಳಬೇಕಾಯಿತು. ನಿಜ ಇರುವುದು ಪೊಟ್ಟಣದ ಬೆನ್ನಿನ ಮೇಲೆ, ಸಾಸಿವೆಯಂಥ ಅಕ್ಷರದಲ್ಲಿ. ಕಾನೂನು ಕೇಳುವುದು ಇಂಗ್ಲಿಷ್ ಇಲ್ಲವೆ ಹಿಂದಿ. ಕನ್ನಡ ಬೇಕಾದರೆ ಹಾಕಬಹುದು, ಹಾಕಲೇಬೇಕು ಅಂತಿಲ್ಲ. ಮುಂದೆ ಕನ್ನಡದಲ್ಲೇ ಹಾಡಿ ಕುಣಿಯುವ ಜಾಹೀರಾತು, ಹಿಂದೆ ಓದಲಾಗದ ಸತ್ಯ. ಕನ್ನಡಕ್ಕಾಗಿ ಬೋರ್ಡಿಗೆ ಮಸಿ ಬಳಿಯುವ ಗೆಳೆಯರು ಒಮ್ಮೆ ಈ ಬೆನ್ನನ್ನೂ ನೋಡಲಿ.

ಮೇಷ್ಟ್ರುಗಳಿಗೆ ಒಂದು ಕೆಲಸ. ಮುಂದಿನ ಎಸ್‌ಡಿಎಂಸಿ ಸಭೆಗೆ ಅಂಥದೊಂದು ಪುಡಿ ಡಬ್ಬಿ ತನ್ನಿ. ಸಕ್ಕರೆ ಎಂದು ಬರೆದ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ. 100 ಗ್ರಾಮಿಗೆ 30 ಗ್ರಾಂ ಇದ್ದರೆ ಅರ್ಧ ಕಿಲೋ ಡಬ್ಬಿಗೆ 150 ಗ್ರಾಂ, ಅಂದರೆ ಸಣ್ಣ ಚಮಚದಲ್ಲಿ 30 ಚಮಚ. ಅಷ್ಟನ್ನೂ ಎಲ್ಲರ ಮುಂದೆ ಎಣಿಸಿ ಎಣಿಸಿ ತಟ್ಟೆಗೆ ಸುರಿಯಿರಿ. ಪಕ್ಕದಲ್ಲಿ ಒಂದು ಮೊಟ್ಟೆ, ಒಂದು ಹಿಡಿ ರಾಗಿ ಇಟ್ಟು ಮೂರರ ಬೆಲೆಯನ್ನೂ ತಾಯಂದಿರ ಬಾಯಲ್ಲೇ ಹೇಳಿಸಿ.