ಬಿಳಿಚಿದ ಹವಳ ಇನ್ನೂ ಸತ್ತಿಲ್ಲ



ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಉದ್ದಕ್ಕೂ ಕಡಲಿನೊಳಗೆ ಸುಮಾರು 2,300 ಕಿಲೋಮೀಟರ್ ಚಾಚಿಕೊಂಡಿರುವ ಹವಳದ ದಿಬ್ಬಗಳ ಸಾಲೊಂದಿದೆ. ಅದೇ ಗ್ರೇಟ್ ಬ್ಯಾರಿಯರ್ ರೀಫ್. 1981ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ದೊಡ್ಡದನ್ನು ಕಟ್ಟಿದವರು ಯಾರು? ಬಹುಮಟ್ಟಿಗೆ ಕೆಲವೇ ಮಿಲಿಮೀಟರ್ ಗಾತ್ರದ, ಮೆತ್ತನೆಯ ಮೈಯ ಹವಳದ ಜೀವಿಗಳು! ಹಳೆಯವು ಬಿಟ್ಟುಹೋದ ಸುಣ್ಣದ ಗೂಡಿನ ಮೇಲೆ ಹೊಸವು ಗೂಡು ಕಟ್ಟುತ್ತಾ ಸಾವಿರಾರು ವರ್ಷಗಳಲ್ಲಿ ಎಬ್ಬಿಸಿದ ಕೋಟೆಯಿದು.

ಇಂಥ ಹವಳವೂ ಒಂಟಿಯಾಗಿ ಬಾಳಲಾರದು. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಹವಳ ಪಾಚಿಗೆ ಆಸರೆ ಕೊಡುತ್ತದೆ. ಪಾಚಿ ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸಿ ಹವಳವನ್ನು ಸಾಕುತ್ತದೆ. ಹವಳದ ಬಣ್ಣವೂ ಬಹುಪಾಲು ಪಾಚಿಯದೇ.

ಕಡಲಿನ ನೀರು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಸಾಕು, ಈ ಬಾಂಧವ್ಯ ಮುರಿಯುತ್ತದೆ. ಬೇಗೆ ತಾಳದ ಹವಳ ತನಗೆ ಅನ್ನವಿಕ್ಕುತ್ತಿದ್ದ ಪಾಚಿಯನ್ನೇ ಹೊರದಬ್ಬುತ್ತದೆ. ಆಮೇಲೆ ಮೂಳೆಯಂತೆ ಬಿಳಿಚಿಕೊಂಡು ಹಸಿದು ನಿಲ್ಲುತ್ತದೆ. ಅಲ್ಲಿನ ಹವಳ 1998 ಮತ್ತು 2002ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು. 2016ರಿಂದ 2024ರೊಳಗೆ ಮತ್ತೆ ಐದು ಸಲ ಬಿಳಿಚಿತು.

ಆದರೆ ಬಿಳಿಚಿದ್ದೆಲ್ಲ ಸತ್ತಂತಲ್ಲ. ಬಿಸಿ ಬೇಗ ಇಳಿದರೆ ಪಾಚಿ ಮರಳಿ ತುಂಬಿಕೊಂಡು ಹವಳ ಚೇತರಿಸಿಕೊಳ್ಳಬಲ್ಲದು. ತಡವಾದರೆ ಹಸಿವಿನಿಂದ ಸಾಯುತ್ತದೆ.

ಮನೆಗಳನ್ನು ಆಶೀರ್ವದಿಸಲು ಹೋದಾಗ ಹೀಗೆ ಬಿಳಿಚಿಕೊಂಡ ಕುಟುಂಬಗಳನ್ನು ಕಂಡಿದ್ದೇನೆ. ಆಸ್ತಿಯ ಮಾತಿನ ಬಿಸಿಯಲ್ಲಿ ಸಾಕಿದ ತಾಯಿಯನ್ನೇ ಹೊರಗೆ ಹಾಕಿದವರಿದ್ದಾರೆ. ಕೂಲಿ ಮಾಡಿ ಓದಿಸಿದ ಅಣ್ಣನೊಡನೆ ಮಾತು ಬಿಟ್ಟವರಿದ್ದಾರೆ. ಅಂಥ ಮನೆಯಲ್ಲಿ ಒಲೆ ಉರಿಯುತ್ತದೆ, ಶಿಲುಬೆಯ ಮುಂದೆ ದೀಪವೂ ಉರಿಯುತ್ತದೆ. ಬಣ್ಣ ಮಾತ್ರ ಹೋಗಿರುತ್ತದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂದು ಪ್ರಭು ಯೇಸು ಹೇಳಿದ್ದು ನಮಗೇ ಅಲ್ಲವೇ?

ಕಡಲಿನ ಬಿಸಿ ಇಳಿಸುವ ಶಕ್ತಿ ಹವಳಕ್ಕಿಲ್ಲ, ಮನುಷ್ಯನಿಗಿದೆ. ಏಕೆಂದರೆ ಆ ಬಿಸಿ ಮುಖ್ಯವಾಗಿ ನಾವು ಸುಡುವ ಕಲ್ಲಿದ್ದಲು, ಎಣ್ಣೆಗಳಿಂದ ಬಂದದ್ದು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಬರಡಾಗುತ್ತಿರುವ ಹವಳದ ದಿಬ್ಬಗಳನ್ನು ನೆನೆದು ಮರುಗಿದ್ದಾರೆ. ಸರ್ವೇಶ್ವರ ನಮ್ಮ ಕೈಗೊಪ್ಪಿಸಿದ ಸೃಷ್ಟಿಯಿದು. ಮನೆಯ ಬಿಸಿಯನ್ನು ಇಳಿಸುವುದೂ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಮುಂದಿನ ಭಾನುವಾರದ ಬಲಿಪೂಜೆಗೆ ಬರುವ ಮುನ್ನ, ನಾವು ಹೊರದಬ್ಬಿದ ಒಬ್ಬರ ಬಾಗಿಲನ್ನಾದರೂ ತಟ್ಟೋಣ. ತಡವಾಗುವ ಮೊದಲೇ ಹೋಗುವ ಕೃಪೆಯನ್ನು ಪ್ರಭು ನಮಗೆ ದಯಪಾಲಿಸಲಿ.