ದಾದಾ ಹೇಳದ ಮಾತು



ಕಲಾಸಿಪಾಳ್ಯದ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಹೊರಗೆ ಬಸ್ಸು, ಲಾರಿಗಳ ಸದ್ದು. ಒಳಗೆ ಹುಡುಗಿಯೊಬ್ಬಳು, “ದಾದಾ, ನಮ್ಮ ಊರು ಯಾವುದು?” ಎಂದು ಕೇಳುತ್ತಾಳೆ. “ಬೀದರ್ ಕಡೆ, ಬೇಟಿ.” ಯಾಕೆ ಬಿಟ್ಟು ಬಂದಿರಿ ಎಂದರೆ ಆ ವೃದ್ಧರು ತಸ್ಬೀಹ್ ಹಿಡಿದು ಸುಮ್ಮನಾಗುತ್ತಾರೆ. ಮಗು ಏನು ಮಾಡಬೇಕು?

ಬೀದರ್ ಮತ್ತು ಗುಲ್ಬರ್ಗ (ಇಂದಿನ ಕಲಬುರಗಿ) ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬೆಂಗಳೂರು ಬೇರೆಯೇ ರಾಜ್ಯ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಆ ಸಂಸ್ಥಾನವನ್ನು ಪ್ರವೇಶಿಸಿತು. ಕೆಲವೇ ದಿನಗಳಲ್ಲಿ ನಿಜಾಮರು ಶರಣಾದರು. ಬಳಿಕ ಮುಸ್ಲಿಮರ ಮೇಲೆ ನಡೆದುದನ್ನು ತಿಳಿಯಲು ಸರಕಾರವೇ ಪಂಡಿತ ಸುಂದರಲಾಲ್, ಕಾಝಿ ಅಬ್ದುಲ್ ಗಫ್ಫಾರ್ ಮೊದಲಾದವರನ್ನು ಕಳುಹಿಸಿತು. ಅವರು ಅಂದಾಜು ಮಾಡಿದ ಸಾವುಗಳು 27,000ದಿಂದ 40,000. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. 2013ರ ಹೊತ್ತಿಗಷ್ಟೇ ದೆಹಲಿಯ ಗ್ರಂಥಾಲಯವೊಂದರಲ್ಲಿ ಓದಲು ಸಿಕ್ಕಿತು. ಸರಕಾರವೇ ಅರವತ್ತು ವರ್ಷ ಮುಚ್ಚಿಟ್ಟದ್ದನ್ನು ಒಬ್ಬ ಮುದುಕರು ಊಟದ ಹೊತ್ತಿಗೆ ಹೇಳಲಿಲ್ಲವೆಂದು ದೂರುವುದು ನ್ಯಾಯವೇ?

ಹ. ಯಾಕೂಬ್(ಅ)ರ ವೃತ್ತಾಂತವನ್ನು ನೆನೆಯಿರಿ. ಮಗನ ಅಗಲಿಕೆಯ ದುಃಖವನ್ನು ನುಂಗಿ ನುಂಗಿ ಅವರ ಕಣ್ಣುಗಳು ಬೆಳ್ಳಗಾದವು. ಮಕ್ಕಳು ಗದರಿಸಿದರು. ಅವರೋ ತಮ್ಮ ಅಳಲನ್ನು ಅಲ್ಲಾಹನಲ್ಲಿ ಮಾತ್ರ ತೋಡಿಕೊಂಡರು. ಪ್ರವಾದಿಯೊಬ್ಬರಿಗೇ ಹಾಗಾದರೆ ನಮ್ಮ ದಾದಾರ ಪಾಡೇನು!

ಆದರೆ ಅರ್ಧ ಸತ್ಯವನ್ನು ಮಕ್ಕಳಿಗೆ ಕಲಿಸಬೇಡಿರಿ. ಅದಕ್ಕೆ ಮುಂಚೆ ರಝಾಕಾರರು ಹಿಂದೂಗಳ ಮೇಲೆ ಕೊಲೆ, ಲೂಟಿ ನಡೆಸಿದ್ದರು. ‘ನಮ್ಮ ದಾದಾ ನೊಂದವರೋ, ನೋಯಿಸಿದವರೋ?’ ಎಂಬ ಭಯ ಬೆಳೆದ ಮಗುವನ್ನು ಕಾಡಿಯೇ ಕಾಡುತ್ತದೆ. ಸೂರಃ ಅನ್ನಿಸಾಅ್, ಹೆತ್ತವರಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಲು ಆದೇಶಿಸುತ್ತದೆ. ಸೂರಃ ಅಲ್‌ಹುಜುರಾತ್ ಪರರ ಗುಟ್ಟು ಕೆದಕುವುದನ್ನು ತಡೆಯುತ್ತದೆ. ಇವೆರಡಕ್ಕೂ ವಿರೋಧವಿಲ್ಲ. ಆ ಕಾಲದಲ್ಲಿ ನಡೆದುದನ್ನು, ಎರಡೂ ಕಡೆಯದನ್ನು, ಮಗು ದಾಖಲೆಗಳಿಂದ ಓದಿ ತಿಳಿಯಲಿ. ದಾದಾರ ಎದೆಯೊಳಗಿನದು ಅವರ ಅಮಾನತ್ತು. ಅದನ್ನು ಕಿತ್ತುಕೊಳ್ಳಲು ಯಾರಿಗೂ ಹಕ್ಕಿಲ್ಲ.

ಹಾಗಾದರೆ ಕೇಳಲೇಬಾರದೇ? ಕೇಳಲಿ, ಆದರೆ ಪೊಲೀಸರಂತಲ್ಲ. ಮನೆ ಹೇಗಿತ್ತು, ಬಾವಿ ಎಲ್ಲಿತ್ತು, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಲಿ. ಕೆಲವೆಡೆ ಹಿಂದೂ ನೇಕಾರರು ತಮ್ಮ ಪ್ರಾಣವನ್ನೇ ಒತ್ತೆಯಿಟ್ಟು ಮುಸ್ಲಿಮ್ ನೇಕಾರರನ್ನು ಕಾಪಾಡಿದರೆಂದು ಅದೇ ವರದಿಯಲ್ಲಿದೆ. ದಾದಾರಿಗೂ ಯಾರಾದರೂ ಬಾಗಿಲು ತೆರೆದಿದ್ದರೆ ಆ ಹೆಸರನ್ನು ಬರೆದಿಟ್ಟುಕೊಳ್ಳಲಿ. ಅಂದು ಹತ್ತು ವರ್ಷದವರಾಗಿದ್ದವರಿಗೆ ಇಂದು ಎಂಬತ್ತೈದು ದಾಟಿದೆ.