ಎಚ್ಚರಿಕೆಯ ದೀಪ ಮತ್ತು ಸಾಕ್ಷಿಯ ಪರೀಕ್ಷೆ

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥



ಜ್ಞಾನಕ್ಕೆ ಪ್ರಾಮಾಣ್ಯವು ಸ್ವತಃ, ಅಪ್ರಾಮಾಣ್ಯವು ಪರತಃ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಕಣ್ಣು ಕಿವಿಗಳು ತಂದುಕೊಟ್ಟ ತಿಳಿವನ್ನು ಮೊದಲು ನಂಬತಕ್ಕದ್ದು. ಸಾಧನದಲ್ಲಿ ದೋಷವುಂಟೆಂದು ಪರೀಕ್ಷೆಯಿಂದ ತಿಳಿದಾಗ ಮಾತ್ರ ಅದನ್ನು ಬಿಡತಕ್ಕದ್ದು. ಈ ಮಾತನ್ನು ನಾವು ಪಾಠದಲ್ಲಿ ಎಷ್ಟೋ ಸಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಆದರೆ ಅದರ ಅರ್ಥವು ನಮ್ಮ ಮನಸ್ಸಿಗೆ ನಾಟಿದ್ದು ಒಂದು ಶನಿವಾರ, ಮನಗೂಳಿಯ ಆಚೆ, ಹೆದ್ದಾರಿಯ ಬದಿಯಲ್ಲಿ.

ಯಲಗೂರಿನ ಪ್ರಾಣದೇವರ ದರ್ಶನಕ್ಕೆ ಮಾತೃಶ್ರೀಯವರನ್ನು ಕರೆದೊಯ್ಯುವ ಸಂಕಲ್ಪವಾಗಿತ್ತು. ಹಿಂದಿನ ದಿನ ಸಂಜೆ ಇಬ್ರಾಹಿಂಪುರದ ಮನೆಯಿಂದ ಕಾರನ್ನು ಒಯ್ದು ಎಂಜಿನ್ ಆಯಿಲ್ ಬದಲಿಸಲು ಕೊಟ್ಟೆವು. ಕತ್ತಲಾಗುತ್ತಿತ್ತು, ಕೆಲಸದ ಹುಡುಗನನ್ನು "ಬೇಗ, ಬೇಗ" ಎಂದು ಅವಸರಪಡಿಸಿದವರು ನಾವೇ. ಮನೆಗೆ ಮರಳುವಾಗ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪ ಹತ್ತಿತು. ದೂರವಾಣಿಯಲ್ಲಿ ಕೇಳಿದಾಗ "ಸೆನ್ಸರ್ ದೋಷ, ತಾನೇ ಆರುತ್ತದೆ" ಎಂಬ ಉತ್ತರ ಬಂದಿತು. ನಮಗೆ ಬೇಕಾದ ಉತ್ತರವೂ ಅದೇ ಆಗಿದ್ದಿತು. ಪರೀಕ್ಷಿಸದೆ ಒಪ್ಪಿಕೊಂಡೆವು.

ಮರುದಿನ ಬೆಳಿಗ್ಗೆ ಮನಗೂಳಿ ದಾಟಿದ ಮೇಲೆ ಎಣ್ಣೆಯ ಗಿಂಡಿಯಂಥ ಕೆಂಪು ದೀಪ ಮಿನುಗತೊಡಗಿತು. ಗಾಡಿ ನಡೆಸುತ್ತಿದ್ದ ಚಿರಂಜೀವಿಯು "ಅದೂ ಸೆನ್ಸರೇ ಇರಬೇಕು" ಎಂದನು. ನಾವೂ ತಲೆಯಾಡಿಸಿದೆವು. ಆಗ ಹಿಂದೆ ಕುಳಿತಿದ್ದ ಮಾತೃಶ್ರೀಯವರು, "ಯಾಕೋ ತಮ್ಮಾ, ಇದು ನಿನ್ನಿನ ದೀಪ ಏನು, ಬ್ಯಾರೆ ಏನು? ಮೊದಲ ಗಾಡಿ ನಿಲ್ಲಸು, ಆಮ್ಯಾಲೆ ನೋಡು" ಎಂದರು. ನಿಲ್ಲಿಸಿ ಎಂಜಿನ್ ಆರಿಸಿದೆವು. ಅಳತೆಯ ಕಡ್ಡಿಯನ್ನು ಎಳೆದು ನೋಡಿದರೆ ತುದಿಗೂ ಎಣ್ಣೆಯಿಲ್ಲ. ಕಾರಿನ ಕೆಳಗೆ ಕಪ್ಪು ಧಾರೆ.

ಮನಗೂಳಿಯಿಂದ ಬಂದ ಮಿಸ್ತ್ರಿಯು ಕಾರಣವನ್ನು ತೋರಿಸಿದನು. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದಿತ್ತು. ಅದರ ಮೇಲೆಯೇ ಹೊಸ ಫಿಲ್ಟರನ್ನು ಬಿಗಿದಿದ್ದರು. ಎರಡು ಬಳೆಗಳ ಜೋಡಣೆ ಮೆಲ್ಲನೆ ಹೋಗುವಾಗ ತಡೆದಿತ್ತು, ವೇಗ ಏರಿದಾಗ ಎಣ್ಣೆಯ ಒತ್ತಡಕ್ಕೆ ಬಾಯಿಬಿಟ್ಟಿತು. ಒತ್ತಡ ಕುಸಿದೊಡನೆ ಹತ್ತುವುದೇ ಆ ಕೆಂಪು ದೀಪದ ಧರ್ಮ. ಇನ್ನು ಕೆಲವು ನಿಮಿಷ ನಡೆಸಿದ್ದರೆ ಲೋಹಕ್ಕೆ ಲೋಹ ತಿಕ್ಕಿ ಎಂಜಿನ್ ಹಿಡಿದುಕೊಳ್ಳುತ್ತಿತ್ತು; ಹಿಂದೆ ಲಾರಿಗಳು ಬರುವ ಹೆದ್ದಾರಿಯಲ್ಲಿ ಆಗುವುದೇನೆಂದು ಹೇಳಬೇಕಾಗಿಲ್ಲ. ನಿನ್ನೆಯ ಹಳದಿ ದೀಪದ ಕಾರಣವೇ ಬೇರೆ. ಫಿಲ್ಟರನ್ನು ತಲುಪಲು ಗಾಳಿಯ ಕೊಳವೆಯನ್ನು ಸರಿಸಿದವರು ಅದರ ಸೆನ್ಸರಿನ ಪ್ಲಗ್ಗನ್ನು ಅರ್ಧವೇ ಒತ್ತಿ ಬಿಟ್ಟಿದ್ದರು.

ಮಹಾಶಯರೇ, ಇಲ್ಲಿ ವಿಚಾರ ಮಾಡಿರಿ. ನಿರ್ದೋಷವಾದ ಇಂದ್ರಿಯಕ್ಕೆ ನಿರ್ದೋಷವಾದ ವಿಷಯದೊಡನೆ ಸಂಬಂಧವಾದರೆ ಅದು ಪ್ರತ್ಯಕ್ಷ. ಹಳದಿ ದೀಪದ ವಿಷಯದಲ್ಲಿ ಸಾಧನದ ಸಂಬಂಧವೇ ಸಡಿಲವಾಗಿತ್ತು. ಆದರೂ ಆ ದೀಪ ಸುಳ್ಳಾಡಲಿಲ್ಲ. ಎಲ್ಲಿಯೋ ಕೆಟ್ಟಿದೆ ಎಂದಷ್ಟೇ ಹೇಳಿತು. "ಏನೂ ಕೆಟ್ಟಿಲ್ಲ" ಎಂಬ ಅರ್ಥವನ್ನು ಹಚ್ಚಿದವರು ನಾವು. ಒಂದು ಸಾಧನದ ದೋಷವನ್ನು ನೆಪ ಮಾಡಿ ಮತ್ತೊಂದು ಸಾಧನದ ನಿಜವಾದ ಸಾಕ್ಷ್ಯವನ್ನೂ ತಳ್ಳಿಹಾಕಿದೆವು. ದೋಷವನ್ನು ತೋರಿಸದೆ ಅಪ್ರಮಾಣವೆಂದು ಹೇಳುವುದು ಸಿದ್ಧಾಂತವಲ್ಲ, ಸೋಮಾರಿತನ. ಮಾತೃಶ್ರೀಯವರು ಶಾಸ್ತ್ರ ಓದಿದವರಲ್ಲ. ಆದರೆ ನಂಬಿ ನಿಲ್ಲಿಸು, ಆಮೇಲೆ ಪರೀಕ್ಷಿಸು ಎಂಬ ಕ್ರಮವನ್ನು ತಪ್ಪಲಿಲ್ಲ.

ನಮ್ಮೊಳಗೂ ಇಂಥ ದೀಪಗಳುಂಟು. ಸಂಧ್ಯಾವಂದನೆಯನ್ನು ಅರ್ಧಕ್ಕೆ ಮುಗಿಸಿದಾಗ, ಏಕಾದಶಿಯಂದು ನೆಪ ಹೇಳಿದಾಗ, ವೃದ್ಧರಿಗೆ ಒರಟು ಮಾತಾಡಿದಾಗ ಒಳಗೆ ಏನೋ ಚುಚ್ಚುತ್ತದೆ. ಅದನ್ನು ಹಳೆಯ ಕಾಲದ ಭಯವೆಂದು ಬದಿಗೊತ್ತುತ್ತೇವೆ. ಮನಸ್ಸು ತಪ್ಪುವುದುಂಟು, ನಿಜ. ರಾಗದ್ವೇಷಗಳಿಂದ ಅದರ ಪ್ಲಗ್ಗು ಸಡಿಲವಾಗುತ್ತದೆ. ಆದರೆ ಜೀವನ ಸ್ವರೂಪೇಂದ್ರಿಯವಾದ ಸಾಕ್ಷಿಯು ತಪ್ಪುವುದಿಲ್ಲ. ಮನಸ್ಸಿನ ಚುಚ್ಚುವಿಕೆಯನ್ನು ಶಾಸ್ತ್ರ ಮತ್ತು ಗುರುವಾಕ್ಯಗಳೆಂಬ ಅಳತೆಯ ಕಡ್ಡಿಯಿಂದ ನೋಡಿ, ಸಾಕ್ಷಿಯ ಮುಂದೆ ಇಟ್ಟು ನಿರ್ಣಯಿಸಬೇಕು. ಪರೀಕ್ಷೆಗೆ ಮುಂಚೆ ದೀಪವನ್ನು ಆರಿಸಬಾರದು.

ಇನ್ನೊಂದು ಮಾತು. ಮರಳಿ ಬಂದು ಆ ಹುಡುಗನನ್ನು ಗದರಿಸಲು ಹೊರಟೆವು, ದಾರಿಯಲ್ಲಿಯೇ ನಾಚಿಕೆಯಾಯಿತು. ಹಳೆಯ ಬಳೆಯನ್ನು ತೆಗೆದು ಒರೆಸುವಷ್ಟು ಸಮಯವನ್ನು ಅವನಿಗೆ ಕೊಡದಿದ್ದವರು ನಾವೇ. ದೇವರ ದರ್ಶನಕ್ಕೆ ಹೋಗುವ ಅವಸರದಲ್ಲಿ ಒಬ್ಬನ ಕರ್ಮವನ್ನು ಕೆಡಿಸಿದೆವು. ವಿಹಿತಕರ್ಮವನ್ನು ಹರಿಪೂಜೆಯೆಂದು ಮಾಡಬೇಕೆಂಬ ಉಪದೇಶವು ಮಾಡುವವನಿಗಷ್ಟೇ ಅಲ್ಲ, ಮಾಡಿಸುವವನಿಗೂ ಉಂಟು. ಅವನಿಗೆ ಆದದ್ದನ್ನು ಮೆಲ್ಲನೆ ತಿಳಿಸಿದೆವು; ನಮ್ಮ ತಪ್ಪನ್ನೂ ಹೇಳಿಕೊಂಡೆವು.

ಅಂದು ಯಲಗೂರನ್ನು ತಲುಪಿದ್ದು ಮಧ್ಯಾಹ್ನದ ಮೇಲೆ. ತಡವಾಯಿತೆಂದು ಮಾತೃಶ್ರೀಯವರು ಒಂದು ಮಾತೂ ಆಡಲಿಲ್ಲ. ಕೈಮುಗಿದು ಬಹಳ ಹೊತ್ತು ನಿಂತರು. ಸಕಲ ಜೀವರಲ್ಲಿ ನಿಂತು ಉಸಿರಾಡಿಸುವ ಮುಖ್ಯಪ್ರಾಣದೇವರು ನಮಗೆ ಎಚ್ಚರಿಕೆಯನ್ನೂ, ಅದನ್ನು ಕೇಳುವ ಬುದ್ಧಿಯನ್ನೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥